ಹಿಂದಿನ ಬ್ರೇಕಿನ ಗಾಳಿ

ರೀ,

ನಾನು ಬಸ್ಸಿಗೆ ಹೊರಟೆ. ತಿಂಡಿ ಒಲೆಯ ಮೇಲಿದೆ, ಅದನ್ನು ತಿಂದೇ ಕಾರಿನ ಹತ್ತಿರ ಹೋಗಿ.

ಹಿಂದಿನ ಚಕ್ರದ ಬ್ರೇಕ್ ಡ್ರಮ್ ಮತ್ತೆ ಬಿಚ್ಚಬೇಡಿ. ಕಾರನ್ನಂತೂ ಹೊರಗೆ ತೆಗೆಯಲೇಬೇಡಿ. ಬ್ರೇಕ್ ಎಣ್ಣೆ ಹಿಡಿದ ನನ್ನ ಸ್ಟೀಲ್ ಲೋಟ ಇನ್ನು ನಿಮ್ಮದೇ, ಅಡುಗೆಮನೆಗೆ ತರಬೇಡಿ.

ನಿನ್ನೆ ನೀವು ಚಕ್ರದ ಪಕ್ಕ ಮಲಗಿ ಎರಡು ಗಂಟೆ "ಒತ್ತೇ! ಬಿಡೇ!" ಎಂದು ಕೂಗಿದಿರಿ. ನಾನೂ ಸ್ಟೀರಿಂಗ್ ಮುಂದೆ ಕೂತು ಚಾಚೂ ತಪ್ಪದೆ ಪೆಡಲ್ ಒತ್ತಿದೆ, ಬಿಟ್ಟೆ. ಆದರೂ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ಹೋಗಲಿಲ್ಲವೆಂದು ಈ ಹಳೇ ಕಾರು ಮಾರಿದವನ ಜನ್ಮ ಜಾಲಾಡಿದಿರಿ. ಪಾಪ, ಅವನದೇನೂ ತಪ್ಪಿಲ್ಲ.

ಬೆಳಗ್ಗೆ ಎದ್ದರೆ ಎಡಗಾಲು ಹಿಡಿದುಕೊಂಡಿತ್ತು. ಎಡಗಾಲು ಯಾಕೆ ಅಂತ ಯೋಚಿಸಿದಾಗ ಹೊಳೆಯಿತು. ಅಷ್ಟು ಹೊತ್ತೂ ನಾನು ಒತ್ತಿದ್ದು ಬ್ರೇಕನ್ನಲ್ಲ, ಕ್ಲಚ್ಚನ್ನು.

ಸಂಜೆ ಬಂದು ಬಲಗಾಲಲ್ಲಿ ಒತ್ತುತ್ತೇನೆ. ಕೂಗಾಡುವುದಿದ್ದರೆ ಈಗಲೇ ಕೂಗಾಡಿ ಮುಗಿಸಿ, ಹೇಗೂ ನಾನು ಮನೆಯಲ್ಲಿಲ್ಲ.