ಹತ್ತು ತಿಂಗಳು ಮುಟ್ಟದೆ ಇಟ್ಟ ಸೆಲ್ಲುಗಳು

ಮಾವ,

ಹತ್ತು ಗಂಟೆಗೆ ಬಿಪಿ ನೋಡಿಕೊಂಡು ಡಾಕ್ಟರಿಗೆ ಫೋನ್ ಮಾಡಿ. ಅದನ್ನು ಕೇಳಿಯೇ ಅವರು ಮಾತ್ರೆ ಬದಲಿಸುವುದು. ಅವತ್ತಿನ ಹಾಗೆ ಮೆಷಿನ್ ಅರ್ಧದಲ್ಲಿ ಕೈಕೊಡುವುದಿಲ್ಲ. ಹೊಸ ಬಗೆಯ ನಾಲ್ಕು ಸೆಲ್ ಹಾಕಿದ್ದೇನೆ.

ಹಳೆಯವು ಚಾರ್ಜ್ ಮಾಡಿಟ್ಟರೂ ಡ್ರಾಯರಿನಲ್ಲೇ ಖಾಲಿಯಾಗುತ್ತಿದ್ದವು. "ನಿನ್ನ ಸೆಲ್ಲುಗಳೂ ನನ್ನ ಹಾಗೇ ಕಣಮ್ಮ, ಮಲಗಿದ್ದಲ್ಲೇ ಸುಸ್ತಾಗ್ತವೆ" ಅಂತ ನಕ್ಕಿರಿ. ನನಗೆ ನಗು ಬರಲಿಲ್ಲ. ಅವತ್ತು ನಿಮಗೆ ತಲೆ ಸುತ್ತುತ್ತಿತ್ತು.

ಇವು ಇಟ್ಟಲ್ಲಿ ಬೇಗ ಚಾರ್ಜ್ ಇಳಿಯದ ಜಾತಿ ಎಂದು ನಾನು ರಿಪೇರಿ ಕಲಿಯುವ ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿದರು. ಹೇಳಿದ್ದಷ್ಟಕ್ಕೇ ನಂಬುವವಳೇ ನಾನು? ಚಾರ್ಜ್ ಮಾಡಿ, ತಾರೀಕು ಬರೆದು ಅಂಟಿಸಿ, ಹತ್ತು ತಿಂಗಳು ಮುಟ್ಟದೆ ಇಟ್ಟೆ. ಗ್ಯಾಸ್ ಆರಿಸಿದೆನಾ ಎಂದು ಬೀದಿ ತುದಿಯಿಂದ ವಾಪಸ್ ಬರುವ ನಾನು! ನಿನ್ನೆ ಮೆಷಿನ್ನಿಗೆ ಹಾಕಿ ನನ್ನ ಬಿಪಿಯನ್ನೇ ಐದು ಸಲ ನೋಡಿಕೊಂಡೆ. ಮೆಷಿನ್ ದಣಿಯಲಿಲ್ಲ, ನನ್ನ ತೋಳೇ ನೋಯಿತು.

ಇವುಗಳ ಜೊತೆ ಹಳೆಯ ಸೆಲ್ ಬೆರೆಸಬೇಡಿ. ಅವು ನಿಮ್ಮ ರೇಡಿಯೋದಲ್ಲಿವೆ.

ಕೆಲಸಕ್ಕೆ ಹೊರಡುವ ಮುಂಚೆ ಮೆಷಿನ್ ಇನ್ನೊಮ್ಮೆ ಒತ್ತಿ ನೋಡೋಣ ಅನ್ನಿಸಿತು. ನೋಡಲಿಲ್ಲ, ಮಾವ. ಗ್ಯಾಸ್ ಮಾತ್ರ ಎರಡು ಸಲ ನೋಡಿದೆ.

ನಿಮ್ಮ ಸೊಸೆ