ಏನೂ ಬರೆದಿಡದವರ ಮನೆಯ ಡೈರಿ

ಚಿಕ್ಕಲಸಂದ್ರ
ಬುಧವಾರ

ಮಗು ಪ್ರೇರಣಾ,

ಈಗ ಸಂಜೆ ಆರೂವರೆ. ಬೆಳಿಗ್ಗೆ ಕಾವೇರಿ ನೀರು ಬಂತು, ತುಂಬಿಸಿಕೊಂಡೆ. ಮಧ್ಯಾಹ್ನ ಅನ್ನ, ಸಾರು. ನಾಲ್ಕಕ್ಕೆ ಒಬ್ಬರು ಬಂದು ಹೋದರು. ಆಮೇಲೆ ಮಿಕ್ಸಿ ತೊಳೆದೆ.

ಈ ವಿಷಯ ಫೋನಿನಲ್ಲಿ ಬೇಡ ಎಂದು ನೀನೇ ಹೇಳಿದ್ದೀಯ. ಎದುರಿಗೆ ಕೂತು ಹೇಳಲು ನನ್ನಿಂದ ಆಗದು. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಬಿ.ಟಿ.ಎಂ.ನ ನಿನ್ನ ಮನೆಗೆ ನಾನೇ ಬಂದು ನಿನ್ನ ಕೈಗೆ ಕೊಡುತ್ತೇನೆ. ಓದಿ ಹರಿದುಹಾಕು.

ಹೋದ ಭಾನುವಾರ ನೀನು ಕೇಳಿದೆ, ‘ಹಿತ್ತಿಲು’ ಆ್ಯಪ್ ತೆರೆಯುವಾಗ ತೊಂಬತ್ತು ಪರ್ಸೆಂಟಿಗೆ ಬಂದು ನಿಂತುಬಿಡುವ ತೊಂದರೆಯ ಬಗ್ಗೆ ಶಿಲ್ಪಾ ಆಸ್ಪತ್ರೆಯಲ್ಲಿ ಏನಾದರೂ ಹೇಳಿದ್ದಳಾ ಎಂದು. ಇಲ್ಲ ಎಂದೆ. ಹೇಳಿದ್ದಳು. ನಾನು ಅದನ್ನು ಬರೆದಿಟ್ಟುಕೊಂಡಿದ್ದೆ. ಬರೆದಿಟ್ಟಿದ್ದೇನೆ ಎಂದು ನಿನಗೆ ಹೇಳಲು ಹೆದರಿಕೆಯಾಯಿತು.

ಮನೆಯವರಿಗೆ ಸುಳಿವು ಸಿಗದ ಹಾಗೆ ಹೆಂಗಸರು ಇಂಟರ್ನೆಟ್ಟಿಗೆ ಹೋಗಿಬರಲಿ ಎಂದು ನೀವಿಬ್ಬರು ಅದನ್ನು ಮೂರು ವರ್ಷ ನಮ್ಮ ಹಾಲಿನಲ್ಲೇ ಕೂತು ಮಾಡಿದಿರಿ. ಯಾರು ಬಂದರು, ಎಲ್ಲಿಂದ, ಎಷ್ಟು ಹೊತ್ತಿಗೆ, ಯಾವುದನ್ನೂ ಎಲ್ಲೂ ಬರೆದಿಡಬಾರದು ಎನ್ನುವುದು ನಿಮ್ಮ ಮೊದಲ ನಿಯಮ. ನಿಮಗೆ ಕಾಫಿ ಕೊಡುತ್ತಾ ನಾನೂ ಅದನ್ನು ನೂರು ಸಲ ಕೇಳಿದ್ದೇನೆ. ಆದರೆ ನಾನು ಮದುವೆಯಾದಾಗಿನಿಂದ ದಿನಾ ಡೈರಿ ಬರೆದವಳು. ಶಿಲ್ಪಾ ನಗುತ್ತಿದ್ದಳು: “ಅಮ್ಮಾ, ನಾವಿಲ್ಲಿ ಏನೂ ಉಳೀಬಾರ್ದು ಅಂತ ಒದ್ದಾಡ್ತಿದೀವಿ. ನೀನು ನೋಡಿದ್ರೆ ಹಾಲಿನವನು ಬಂದ ಟೈಮ್ ಬರೀತೀಯ. ನಮ್ಮ ಪ್ರಾಜೆಕ್ಟಿನ ದೊಡ್ಡ ಬಗ್ ನೀನೇ.”

ಆಸ್ಪತ್ರೆಯ ಹದಿನೇಳು ದಿನ ಅವಳ ಎರಡೂ ಕೈಗೆ ಸೂಜಿ ಚುಚ್ಚಿದ್ದರು. ಆ್ಯಪಿನ ಬಗ್ಗೆ ಸಹಾಯ ಕೇಳಿ ಅವಳ ಫೋನಿಗೆ ಬರುತ್ತಿದ್ದ ಸಂದೇಶಗಳನ್ನು ನಾನು ಓದಿ ಹೇಳುತ್ತಿದ್ದೆ. ಅವಳು ಹೇಳಿದ ಉತ್ತರವನ್ನು ಒಂದು ಬೆರಳಿನಲ್ಲಿ ಒತ್ತುತ್ತಿದ್ದೆ. ಅವಳು ನಿದ್ದೆ ಹೋದಾಗ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಡೈರಿಗೆ ಬರೆಯುತ್ತಿದ್ದೆ. ತಪ್ಪು ಎಂದು ಅನಿಸಲೇ ಇಲ್ಲ. ಜ್ವರ ಎಷ್ಟು, ಎಷ್ಟು ಚಮಚ ಗಂಜಿ ಕುಡಿದಳು, ಯಾರು ಏನು ಕೇಳಿದರು, ಎಲ್ಲಾ ಒಂದೇ ಪುಟದಲ್ಲಿ.

ನಿನಗೆ ಬೇಕಾದದ್ದು ಇದು. ಒಬ್ಬ ಹೆಂಗಸಿಗೂ ತೊಂಬತ್ತಕ್ಕೇ ನಿಂತಿತ್ತು. ಸಮಯ ತಪ್ಪಿದ್ದರೆ ಹಾಗಾಗುತ್ತದಂತೆ, ಆದರೆ ಫೋನಿನ ಗಡಿಯಾರ ಸರಿಯಾಗೇ ಇದೆ ಎನ್ನುತ್ತಿದ್ದಳು. ಶಿಲ್ಪಾ ಒಂದು ದಿನವೆಲ್ಲಾ ಕಣ್ಣು ಮುಚ್ಚಿಕೊಂಡೇ ಯೋಚಿಸಿದಳು. ಆಮೇಲೆ ಹೇಳಿದಳು: ಇವರೆಲ್ಲ ಹಳೇ ಫೋನನ್ನು ಬ್ಯಾಟರಿ ತೆಗೆದು ಬಚ್ಚಿಡುತ್ತಾರೆ. ಮತ್ತೆ ಹಾಕಿದಾಗ ಗೋಡೆ ಗಡಿಯಾರ ನೋಡಿ ಸಮಯ ತಿದ್ದುತ್ತಾರೆ. ಆದರೆ ಫೋನು ಒಳಗೊಳಗೆ ತಾನು ಬೇರೆ ದೇಶದಲ್ಲಿದ್ದೇನೆ ಎಂದುಕೊಂಡಿರುತ್ತದೆ. ಅದರ ಲೆಕ್ಕ ಐದೂವರೆ ಗಂಟೆ ಮುಂದಿರುತ್ತದೆ. ದಾರಿಯಲ್ಲಿರುವ ಕಂಪ್ಯೂಟರುಗಳು ಅದನ್ನು ನಂಬುವುದಿಲ್ಲ. “ನಾವು ಗಂಟೆ ಕೇಳ್ತಿದೀವಿ, ದೇಶ ಕೇಳ್ತಿಲ್ಲ. ಪ್ರೇರಣಾಗೆ ಹೇಳು” ಎಂದಳು. ತಡವಾಗಿ ಹೇಳುತ್ತಿದ್ದೇನೆ.

ಆ ಹೆಂಗಸಿಗೆ ದಾರಿ ತೆರೆಯಿತು. ಆಮೇಲೆ ಅವಳು ಬೇರೆ ಪ್ರಶ್ನೆಗಳನ್ನು ಕೇಳತೊಡಗಿದಳು. ಮಗುವಿನ ಟಿ.ಸಿ. ತಂದೆಯ ಸಹಿಯಿಲ್ಲದೆ ಸಿಗುತ್ತದಾ, ಯಾವ ಊರಿಗೆ ಹೋದರೆ ಸರಿ, ಹೀಗೆ. ಗಂಡ ದಿನಾ ಸಂಜೆ ಅವಳ ಫೋನು ಕಸಿದು ನೋಡುತ್ತಾನಂತೆ. ಅವನು ತಿರುಚಿದ ಮಣಿಕಟ್ಟಿನ ವಿಷಯವನ್ನೂ ಬರೆದಿದ್ದಳು. ಹೆಸರು ಹೇಳಬೇಡ ಎಂದು ಶಿಲ್ಪಾ ಮೊದಲೇ ತಿಳಿಸಿದ್ದಳು. ಆದರೂ ಆ ಹೆಂಗಸು ಹೇಳಿದಳು. ನಾನು ಬರೆದುಕೊಂಡೆ.

ಇವತ್ತು ನಾಲ್ಕಕ್ಕೆ ಬಂದವನು ಅವಳ ಗಂಡ.

ಜೆ.ಪಿ. ನಗರದಲ್ಲಿ ಶಿಲ್ಪಾ ಹೆಂಗಸರಿಗೆ ಕಲಿಸಿದ ದಿನದ ಕರಪತ್ರ ಅವನ ಕೈಯಲ್ಲಿತ್ತು. ಅದರಲ್ಲಿ ನಮ್ಮ ವಿಳಾಸವಿದೆ. ಚಪ್ಪಲಿ ಹೊರಗೆ ಬಿಟ್ಟು, ಶಿಲ್ಪಾಳ ಫೋಟೋಕ್ಕೆ ಕೈ ಮುಗಿದು ಕೂತ. ಕಾಫಿ ಕೊಟ್ಟೆ. “ಆಂಟಿ, ಮಗು ಕರ್ಕೊಂಡು ಹೋಗಿ ಇಪ್ಪತ್ತು ದಿನ ಆಯ್ತು. ನಾನೇನ್ ರಾಕ್ಷಸನಾ ಹೇಳಿ” ಎಂದು ಅತ್ತ. ನನಗೆ ಏನೂ ಅನಿಸಲಿಲ್ಲ. ಈಗ ಯಾರು ಅತ್ತರೂ ಅನಿಸುವುದಿಲ್ಲ. “ನಿಮ್ಮ ಮಗಳು ಎಲ್ಲಾದ್ರೂ ಬರೆದಿಟ್ಟಿರ್ತಾರೆ. ಡೈರಿ ಗೀರಿ ಏನಾದ್ರೂ?” ಎಂದು ಕೇಳಿದ.

“ನಮ್ಮನೇಲಿ ಯಾರೂ ಏನೂ ಬರೆದಿಡಲ್ಲಪ್ಪ” ಎಂದೆ.

ಅವನು ಕಾಫಿ ಲೋಟ ಇಟ್ಟಿದ್ದು ಟೀಪಾಯಿಯ ಮೇಲಿದ್ದ ನನ್ನ ಡೈರಿಯ ಮೇಲೆ. ಸೊಸೈಟಿಯವರು ಕೊಟ್ಟ ಕೆಂಪು ರಟ್ಟಿನ ಡೈರಿ. ಏಳುವಾಗ, “ನಾಳೆ ಹನ್ನೊಂದಕ್ಕೆ ಅಮ್ಮನ್ನೂ ಕರ್ಕೊಂಡು ಬರ್ತೀನಿ. ಅವರ ರೂಮು, ಬೀರು ಎಲ್ಲಾ ಒಂದ್ಸಲ ನೋಡೋಣ ಆಂಟಿ” ಎಂದ. ಕೇಳಿದ್ದಲ್ಲ, ತಿಳಿಸಿದ್ದು.

ಬಾಗಿಲು ಹಾಕಿಕೊಂಡು ಆ ಹದಿನೇಳು ಪುಟಗಳನ್ನು ಓದಿದೆ. ಆ ಹೆಂಗಸಿನದ್ದನ್ನು ಬಿಟ್ಟು ಶಿಲ್ಪಾಳದ್ದಷ್ಟನ್ನು ಬೇರೆ ಹಾಳೆಗೆ ಇಳಿಸಿಕೊಳ್ಳೋಣ ಎಂದು ಪೆನ್ನು ಹಿಡಿದೆ. ಒಂದು ಗಂಟೆ ಕೂತೆ. ಬಿಡಿಸಲು ಬರಲಿಲ್ಲ. ಆ ದಿನಗಳಲ್ಲಿ ನನ್ನ ಮಗಳು ಆಡಿದ ಮಾತೆಲ್ಲಾ ಆ ಹೆಂಗಸಿಗೆ ಹೇಳಿದ್ದು. ನನ್ನ ಜೊತೆ ಆಡಿದ್ದು ಕಡಿಮೆ. ನೀರು ಬೇಕು, ದಿಂಬು ಸರಿಸು, ಅಷ್ಟೇ.

ಸುಟ್ಟರೆ ಪಕ್ಕದ ಮನೆಯ ಕಮಲಾದೇವಿ ಹೊಗೆ ನೋಡಿ ಬಂದು ಕೇಳುತ್ತಾರೆ. ನಮ್ಮಮ್ಮ ಮೊರಕ್ಕೆ ಬಳಿಯಲು ಕಾಗದ ನೆನೆಸಿ ರುಬ್ಬುತ್ತಿದ್ದರು. ಹಾಗೇ ಮಾಡಿದೆ. ಹರಿದು, ಬಿಸಿನೀರಿನಲ್ಲಿ ನೆನೆಸಿ, ಮಿಕ್ಸಿಗೆ ಹಾಕಿದೆ. ಎರಡು ಜಾರ್ ಆಯಿತು. ನೀಲಿ ಬಣ್ಣದ ಮುದ್ದೆ. ಒಂದು ಅಕ್ಷರವೂ ಇಲ್ಲ, ಬೆಳಕಿಗೆ ಹಿಡಿದು ನೋಡಿದೆ.

ಕೊನೆಯ ದಿನದ ಪುಟವೊಂದನ್ನು ಇಟ್ಟುಕೊಂಡಿದ್ದೇನೆ. ಅದರಲ್ಲಿ ಆ ಹೆಂಗಸಿನ ಸುದ್ದಿ ಇಲ್ಲ. ಅಷ್ಟಕ್ಕೆ ನೀನು ಬೇಸರ ಮಾಡಿಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ.

ನಿಮ್ಮ ನಿಯಮ ಮುರಿದವಳು,
ನಿನ್ನ ಗೆಳತಿಯ ಅಮ್ಮ
ಜಯದೇವಿ

ಮರೆತ ಮಾತು: ಕೊನೆಯ ಪುಟದ ಬಗ್ಗೆ ಮೇಲೆ ಬರೆದದ್ದು ನಿಜವಲ್ಲ. ಬರೆಯುವಾಗ ಆ ಪುಟ ನನ್ನ ತೊಡೆಯ ಮೇಲೇ ಇತ್ತು. ಈಗ ಅದನ್ನೂ ಮಿಕ್ಸಿಗೆ ಹಾಕಿ ಬಂದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನನ್ನು ಹಿಡಿದುಕೊಂಡು, ಶಿಲ್ಪಾ ಕೊನೆಗೆ ಏನಂದಳು ಆಂಟಿ ಎಂದು ಕೇಳಿದಾಗ, ನಿದ್ದೆಯಲ್ಲೇ ಹೋದಳು ಎಂದಿದ್ದೆ. ಇಲ್ಲ. ಎಚ್ಚರವಿದ್ದಳು. ನನ್ನ ಮುಖ ನೋಡಿ ಒಂದೇ ಒಂದು ವಾಕ್ಯ ಹೇಳಿದಳು. ಅದರಲ್ಲಿ ಆ ಹೆಂಗಸಿನ ಹೆಸರಿದೆ, ಅವಳು ಹೋಗಿ ಸೇರಿದ ಊರಿನ ಹೆಸರಿದೆ. ಹಾಗಾಗಿ ಅದನ್ನು ಇಲ್ಲಿ ಬರೆಯಲಾರೆ. ಬಾಯಲ್ಲಿ ಹೇಳುತ್ತೇನೆಂದೂ ಕಾಯಬೇಡ. ಮುದ್ದೆಯೆಲ್ಲಾ ಕಸದ ಬುಟ್ಟಿಯಲ್ಲಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಹಸಿ ಕಸದ ಗಾಡಿ ಬರುತ್ತದೆ.