ಏರುದಾರಿಯ ಮೋಟುಗೋಡೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗೀ,

ದಾರಿ ಅಗಲವಾದರೆ ಓಣಿಯ ಆಯುಷ್ಯವೂ ಹೆಚ್ಚುತ್ತದೆ ಎಂದೇನೋ ಹೇಳಿದ್ದೆ ನೀನು, ನಕ್ಷೆಯನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿ. ಮಾತು ಪೂರ್ತಿ ನೆನಪಿಲ್ಲ. ತಪ್ಪು ಮಾತಂತೂ ಅಲ್ಲ. ಚರಂಡಿ ಮುಚ್ಚಿದ ಮೇಲೆ ಮಕ್ಕಳ ವಾಂತಿಭೇದಿ ನಿಂತಿದೆ. ಆಂಬುಲೆನ್ಸ್ ಬಾಗಿಲಿಗೇ ಬರುತ್ತದೆ.

ಆದರೆ ಆಸ್ಪತ್ರೆಯ ಏರಿನಲ್ಲಿದ್ದ ಮೋಟುಗೋಡೆಯನ್ನು ನಿಮ್ಮ ಕಚೇರಿ ಅಡಚಣೆಯೆಂದು ಗುರುತಿಸಿ ಕೆಡವಿತಲ್ಲ, ಓಣಿಯ ಮುದುಕರೆಲ್ಲ ಅದರ ಮೇಲೆ ಕೂತು ದಣಿವಾರಿಸಿಕೊಂಡೇ ಮೇಲೆ ಹತ್ತುತ್ತಿದ್ದರು. ಅದನ್ನು ಯಾರೂ ಬೆಂಚು ಎಂದು ಕರೆದಿರಲಿಲ್ಲ. ಹಾಗಾಗಿ ಯಾರೂ ನಿಮಗೆ ಹೇಳಲೂ ಇಲ್ಲ. ಈಗ ರಸ್ತೆಯಲ್ಲಿ ಎಲ್ಲಾ ಇದೆ, ಕುಂಡಿ ಊರುವುದಕ್ಕೆ ಜಾಗ ಒಂದಿಲ್ಲ ಎನ್ನುತ್ತಾನೆ ಕೆಳಮನೆಯ ಟೈಲರ್.

ಮೊನ್ನೆ ನರ್ಸ್ ಮನೆಗೇ ಬಂದರು. ಗೋಡೆ ಹೋದಂದಿನಿಂದ ಅಮ್ಮ ತಪಾಸಣೆಗೆ ಹೋಗಿಲ್ಲವಂತೆ. ವಾರವಾರವೂ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದವಳು ಟೈಲರ್ ಅಂಗಡಿಯಲ್ಲಿ ಕೂತು, ಹೊತ್ತು ಕಳೆದು ವಾಪಸಾಗುತ್ತಿದ್ದಳು. ಡಾಕ್ಟರ್ ಏನಂದರು ಎಂದರೆ ಎಲ್ಲಾ ಸರಿಯಿದೆಯಂತೆ ಎನ್ನುತ್ತಿದ್ದಳು. ಕಾಲು ಬಾತಿದೆ. ಹೃದಯ ಇನ್ನಷ್ಟು ಸೋತಿದೆ, ಏರಿನಲ್ಲಿ ಒಂದೇ ಉಸಿರಿಗೆ ನಡೆಸಿದರೆ ನೀವೇ ಹೊಣೆ ಎಂದು ನರ್ಸ್ ನನ್ನನ್ನು ಗದರಿದರು.

ನಿನಗೆ ತಿಳಿಸುತ್ತೇನೆ ಎಂದೆ. ಬಟ್ಟೆ ಮಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಲಿಲ್ಲ.

"ಮಗಳು ಮಾಡ್ಸಿದ ರಸ್ತೇಲಿ ನಾನೇ ಏದುಸಿರು ಬಿಡ್ತಾ ನಿಂತ್ರೆ ನೋಡ್ದೋರು ಏನಂತಾರೋ? ಅವಳಿಗೇನಾದ್ರೂ ಗೊತ್ತಾದ್ರೆ ಈ ಮನೇಲಿ ಒಂದು ತುತ್ತೂ ಮುಟ್ಟಲ್ಲ ನಾನು."

ಶುಕ್ರವಾರ ಉದ್ಘಾಟನೆ. ಅಂದು ನಿನ್ನ ತೋಳು ಹಿಡಿದು, ಎಲ್ಲರೆದುರು, ಕೆಳಗಿನಿಂದ ಮೇಲಿನವರೆಗೆ ಎಲ್ಲೂ ನಿಲ್ಲದೆ ನಡೆಯುತ್ತಾಳಂತೆ. ಬೇಡ ಎಂದರೆ ಮುಖ ತಿರುಗಿಸುತ್ತಾಳೆ. ಕಾರಿನಲ್ಲಿ ಸಾಗಿಸುತ್ತೇನೆ ಎಂದರೆ, ಹೆಣವನ್ನಾ ಎಂದು ಕೇಳುತ್ತಾಳೆ. ಬರಬೇಡ ಎಂದು ನಿನಗೆ ಹೇಳೋಣವೆಂದರೆ, ಅವಳು ಕಾಯುತ್ತಿರುವುದೇ ನಿನಗಾಗಿ.

ನಿನ್ನನ್ನು ದೂರಬೇಕೆಂದೇ ಕೂತೆ. ಬರೆಯುತ್ತಾ ಬರೆಯುತ್ತಾ ಆ ಆಸೆ ಸವೆಯಿತು. ಭಯ ಮಾತ್ರ ಉಳಿದಿದೆ.

ನಿನ್ನ ಅಣ್ಣ

ಇನ್ನೊಂದು ಮಾತು: ಶುಕ್ರವಾರ ಏರಿನ ನಡುವೆ ಎರಡು ಕುರ್ಚಿ ಹಾಕಿಕೊಂಡು ನಿಂತಿರುತ್ತೇನೆ. ಅಮ್ಮ ತಾನಾಗಿ ಕೂರುವವಳಲ್ಲ. ನಿನ್ನ ಮೇಲಧಿಕಾರಿಗಳು, ಕ್ಯಾಮೆರಾದವರು ಎಲ್ಲ ನೋಡುತ್ತಿರುವಾಗ, ಈ ರಸ್ತೆ ಹತ್ತಲಾರೆ, ಸುಸ್ತಾಯಿತು ಎಂದು ಮೊದಲು ನೀನು ಕೂರುತ್ತೀಯಾ?